ಆಸ್ಪತ್ರೆ ಸಭೆಯಲ್ಲಿ ನನ್ನ ಇಂಗ್ಲಿಷ್

ಓರಗಿತ್ತಿಗೆ ಅಕ್ಕನ ಆಶೀರ್ವಾದ. ಇಂದು ಉಪವಾಸ, ಬೆಳಿಗ್ಗೆಯೇ ಸೀರೆ ಒಗೆದುಹಾಕಿ, ದೇವರಿಗೆ ಕೈಮುಗಿದು ಸಭೆಗೆ ಹೋದೆ. ನಮ್ಮ ಹೊಲಿಗೆ ಸಂಘಕ್ಕೆ ಪರರಾಜ್ಯದ ಈ ಆಸ್ಪತ್ರೆಯ ಒಂದು ವರ್ಷದ ಹೊಲಿಗೆ ಕೆಲಸ ಸಿಗಬೇಕಾದರೆ ಇಲ್ಲಿನ ದೊಡ್ಡವರೆದುರು ಇಂಗ್ಲಿಷಿನಲ್ಲಿ ಮಾತಾಡಲೇಬೇಕಿತ್ತಲ್ಲ. ಸ್ತೋತ್ರದ ಹಾಗೆ ಬಾಯಿಪಾಠ ಮಾಡಿದ್ದೆ. ಶುರುಮಾಡಿದೊಡನೆ ಕಣ್ಣು ತಾನಾಗಿ ಮುಚ್ಚಿಕೊಂಡಿತು. ನಮ್ಮ ಮಾತು ಬಲ್ಲ ನರ್ಸಮ್ಮ ಒಬ್ಬರು, "ದೇವರನ್ನು ಆಮೇಲೆ ನೋಡೀರಂತೆ ಅಕ್ಕಾ, ಮೊದಲು ನಮ್ಮನ್ನು ನೋಡಿ" ಅಂದರು. ಕಣ್ಣು ಬಿಟ್ಟರೆ ಪಾಠವೇ ಮರೆತುಹೋಗಿದೆ. ಕೊನೆಗೆ ನಾವು ಹೊಲಿದ ದಿಂಬಿನ ಚೀಲವನ್ನು ಆ ದೊಡ್ಡವರ ಕೈಗೇ ಕೊಟ್ಟು, ಎಳೆದು ನೋಡಿ ಎಂದು ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿದೆ. ಹೊಲಿಗೆ ಬಿಡಲಿಲ್ಲ. ಕೆಲಸ ನಮಗೇ ಸಿಕ್ಕಿತು. ಎದೆ ಹಗುರಾಯಿತು, ನನ್ನ ಹಳೆಯ ಮಂಡಿನೋವೂ ಇವತ್ತು ಕಡಿಮೆ. ಒಪ್ಪಿಗೆ ಪತ್ರ ನಮ್ಮೂರ ಅಂಚೆಗೇ ಬರುತ್ತದೆ. ತರಲು ನಿನ್ನ ಗಂಡನನ್ನೇ, ನನ್ನ ಮೈದುನನನ್ನೇ ಕಳಿಸು. "ಅತ್ತಿಗೆ ಇಂಗ್ಲಿಷ್ ಮಾತಾಡಿದ ಹಾಗೇ ಇದೆ" ಎಂದು ನಾನು ಹೊರಡುವಾಗ ನಕ್ಕವನು ಅವನೇ ತಾನೆ.