ಹೆಡ್‌ಲೈಟ್ ಉಜ್ಜಿದ ರವಿವಾರ

ಬಾದಾಮಿ, ೧೦ ಆಗಸ್ಟ್ ೨೦೨೫, ರವಿವಾರ

ಜಯಶ್ರೀ ಮಗ್ಗಲದಾಗ ಮಲಗ್ಯಾಳ. ನನಗ ನಿದ್ದಿ ಹತ್ತವಲ್ದು.

ನಾಳೆ ಇಳಕಲ್ಲಿನ ತಿಮ್ಮಣ್ಣ ಕಾರ್ ನೋಡಾಕ ಬರ್ತಾನ, ಮಗಳಿಗೆ ಬೇಕಂತ. ಚಂದ ಕಾಣಲಿ ಅಂತ ಬಾಗಲಕೋಟಿ ಡಿಸ್ಕೌಂಟ್ ಅಂಗಡಿಯಾಗ ಅರ್ಧ ರೇಟಿಗೆ ಹೆಡ್‌ಲೈಟ್ ಉಜ್ಜೋ ಪೇಸ್ಟ್ ತಂದಿದ್ದೆ. ಸಸ್ತಾ ಮಾಲು, ಏನ್ ಹೊಳದೀತು ಅಂದ್ಕೊಂಡಿದ್ದೆ. ಒಂದು ತಾಸು ಉಜ್ಜಿದ್ದಕ್ಕ ಹಳದಿ ಗಾಜು ಹೊಸದರಂಗ ಆತು. ಸಂಜಿಮುಂದ ಲೈಟ್ ಹಾಕಿದ್ರ ಎದುರಿನ ಗ್ವಾಡಿ ತುಂಬ ಬೆಳಕು.

ಜಯಶ್ರೀ ಬಾಗಲದಾಗ ನಿಂತು ನೋಡಿದಳು. ಪಟ್ಟದಕಲ್ಲಿನ ದವಾಖಾನಿ ಡ್ಯೂಟಿ ಮುಗಿಸಿ ಬರೂವಾಗ ದಾರಿ ಕಾಣಂಗಿಲ್ಲ, ಲೈಟ್ ಮಾಡಿಸ್ರಿ ಅಂತ ಎಷ್ಟ ಸಲ ಹೇಳಿದ್ದಳು. ನಾ ಮುಂದಿನ ವಾರ ಅಂತಿದ್ದೆ. ಹೋದ ವರ್ಷ ಒಂದಿನ ಎಮ್ಮಿಗೆ ಹಾಯೋದು ಸ್ವಲ್ಪದಾಗ ತಪ್ಪಿತು. ಅವತ್ತಿಂದ ಆಕಿ ಸ್ಟೇರಿಂಗ್ ಮುಟ್ಟಲಿಲ್ಲ, ಬಸ್ಸಿಗೆ ಹೋಗಾಕತ್ತಳು. ಕಾರು ನಿಂತಲ್ಲೇ ನಿಂತಿತು. ಅದಕ್ಕ ಮಾರೋ ಮಾತು ಬಂತು.

"ಇಷ್ಟ ಕೆಲಸ ಇತ್ತೇನ್ರಿ?" ಅಂದಳು. ದನಿಯಾಗ ಸಿಟ್ಟಿರಲಿಲ್ಲ.

"ಮಾರೋದು ಬ್ಯಾಡಂತ ಫೋನ್ ಮಾಡ್ಲೇನು?"

"ಬ್ಯಾಡ ಬಿಡ್ರಿ. ನನಗೀಗ ಅಂಜಿಕಿ ಕುಂತೈತಿ. ಆ ಹುಡುಗಿಯಾದ್ರೂ ಧೈರ್ಯದಿಂದ ಓಡಿಸಲಿ."

ಬೈದಿದ್ರ ಇಷ್ಟ ನೋವಾಗ್ತಿರಲಿಲ್ಲ. ಈಗ ಎಬ್ಬಿಸಿ, ಬಾಜೂಕ ನಾ ಕುಂದರ್ತೇನಿ, ನೀ ಓಡಿಸು ಅನ್ನಬೇಕು ಅನಿಸ್ತೈತಿ. ಆದ್ರ ಆ ಮಾತು ಎಮ್ಮಿ ತಪ್ಪಿದ ದಿನಾನ ಹೇಳಬೇಕಿತ್ತು. ಅವತ್ತು ನಾ ಕೇಳಿದ್ದು, ಬಂಪರ್‌ಗೆ ಏನೂ ಆಗಿಲ್ಲಲ್ಲ ಅಂತ…