ಎಡತುದಿಯಲ್ಲಿ ನಿಂತ ಅಪ್ಪ

ಗಜೇಂದ್ರಗಡ

ನೇಕಾರರ ಸಂಘದ ಅಧ್ಯಕ್ಷರಾದ ಜಮಾಲಸಾಬ ಕಾಕಾ ಅವರಿಗೆ ರೂಪಾಳ ನಮಸ್ಕಾರಗಳು.

ಮರೆವಿನ ನಮ್ಮಪ್ಪ ನರೇಗಲ್ ಸಂತೆಯಲ್ಲಿ ತಪ್ಪಿಸಿಕೊಂಡ ಸುದ್ದಿಯನ್ನು ಸಂಘದ ವೆಬ್ ಪುಟದಲ್ಲಿ ಹಾಕಿಸಿದಿರಿ. ಆ ಉಪಕಾರ ಮರೆಯುವುದಿಲ್ಲ. ಆದರೆ ಹಿನ್ನೆಲೆಗೆ ಹಾಕಿದ ಸಂಘದ ಗುಂಪು ಫೋಟೋ ಕಂಪ್ಯೂಟರಿನಲ್ಲಿ ಮಾತ್ರ ಪೂರ್ತಿ ಕಾಣುತ್ತದೆ. ಫೋನಿನ ಉದ್ದನೆಯ ಪರದೆಯನ್ನು ತುಂಬಲು ಹೋಗಿ ಎರಡೂ ಪಕ್ಕ ಕತ್ತರಿಸಿಕೊಳ್ಳುತ್ತದೆ. ನಡುವೆ ಕುಳಿತ ನೀವು ಎಲ್ಲ ಫೋನಿನಲ್ಲೂ ಇದ್ದೀರಿ. ಎಡತುದಿಯಲ್ಲಿ ನಿಂತ ಅಪ್ಪ ಯಾವುದರಲ್ಲೂ ಇಲ್ಲ. ನಮ್ಮಲ್ಲಿ ಅವನ ಬೇರೆ ಫೋಟೋ ಇಲ್ಲ.

ನಿನ್ನೆ ಹುಡುಕುತ್ತಾ ಹೊಳೆಮಣ್ಣೂರಿಗೆ ಹೋಗಿದ್ದೆ. "ಒಬ್ಬ ಅಜ್ಜ ಗುಡಿ ಕಟ್ಟಿ ಮ್ಯಾಲ ಕುಂತಿದ್ದನವ್ವಾ. ನಿಮ್ಮ ಫೋಟೋದಾಗ ಹುಡುಕಿದ್ವಿ, ಇರಲಿಲ್ಲ. ಅದಕ್ಕ ಯಾವದೋ ಬಸ್ಸ ಹತ್ತಿಸಿ ಕಳಿಸಿದ್ವಿ" ಎಂದರು ಅಲ್ಲಿಯ ಜನ.

ಕಾಕಾ, ಪುಟದ ಲಿಂಕ್ ಊರೂರಿಗೆ ಹೋಗಿಬಿಟ್ಟಿದೆ, ವಾಪಸ್ ಕರೆಯಲು ಬರುವುದಿಲ್ಲ. ಪುಟವನ್ನೇ ತಿದ್ದಬೇಕು. ಬ್ಯಾಕ್‌ಗ್ರೌಂಡ್ ಸೈಜಿನಲ್ಲಿ ಪರದೆ ತುಂಬಿಸುವ 'ಕವರ್' ಎಂದಿರುವುದನ್ನು ಅಳಿಸಿ 'ಕಂಟೇನ್' ಎಂದು ಬರೆಯಲು ಪುಟ ಮಾಡಿದವರಿಗೆ ಇವತ್ತೇ ಹೇಳಿರಿ. ಫೋಟೋ ಸಣ್ಣದಾದರೂ ಪೂರ್ತಿ ಕಾಣುತ್ತದೆ. ಮೇಲೆ ಕೆಳಗೆ ಬಿಳಿ ಜಾಗ ಉಳಿದರೆ ಚಂದ ಕಾಣುವುದಿಲ್ಲ ಎಂದು ಮೊನ್ನೆ ಅಂದಿರಿ. ಚಂದ ಕಾಣದಿದ್ದರೆ ಬಿಡಲಿ.

ಅವ್ವ ಮುಂಜಾನೆಯಿಂದ ಫೋನ್ ಹಿಡಿದು ಕುಳಿತಿದ್ದಾಳೆ. ಆ ಫೋಟೋವನ್ನು ಬೆರಳಿನಿಂದ ಬಲಕ್ಕೆ ಸರಿಸುತ್ತಾಳೆ. ಅದು ಸರಿಯುವುದಿಲ್ಲ. "ಇನ್ನೊಂಚೂರು ಸರದ್ರ ಬರತಾರ" ಎನ್ನುತ್ತಾಳೆ, ಮತ್ತೆ ಸರಿಸುತ್ತಾಳೆ.

ನಿಮ್ಮ ಪರಶಪ್ಪನ ಮಗಳು,
ರೂಪಾ