ಹೊಂಗೆ ಮರದ ಕಡೆಯ ಕೆಂಪು

ಅಪ್ಪ,

ನಿನ್ನೆ ಎಚ್.ಡಿ. ಕೋಟೆ ಮೈದಾನದಲ್ಲಿ ಫುಟ್‌ಬಾಲ್ ಮ್ಯಾಚ್ ಗೆದ್ದೆವು. ಈಗ ನಮ್ಮ ಬೆನ್ನಿಗೆ ಪುಟ್ಟ ಯಂತ್ರ ಕಟ್ಟಿ ಆಡಿಸುತ್ತಾರೆ. ಯಾರು ಎಲ್ಲೆಲ್ಲಿ ಓಡಿದರೆಂದು ಅದು ಮೈದಾನದ ಚಿತ್ರದಲ್ಲಿ ತೋರಿಸುತ್ತದೆ. ಹೆಚ್ಚು ಓಡಾಡಿದ ಜಾಗ ಕೆಂಪಾಗುತ್ತದೆ.

ಕೋಚ್ ಚೆಲುವರಾಜು ಸರ್ ಮೊಬೈಲಿನಲ್ಲಿ ನನ್ನ ಚಿತ್ರ ತೋರಿಸಿದರು. "ಮಧು, ಹಾಫ್‌ಟೈಮಲ್ಲಿ ಸೈಡ್ ಬದಲಾದ್ಮೇಲೆ ನಿನ್ ಜಾಗ ಆ ಕಡೆ. ಆದ್ರೂ ಈ ಹೊಂಗೆ ಮರದ ಕಡೀಕೇ ಬತ್ತಿದ್ದೀಯಲ್ಲವ್ವ. ಅಲ್ಲೇನೈತೆ?"

"ನೆರಳು ಸಾರ್."

"ಸಂಜೇಲಿ ಯಾವ ನೆರಳವ್ವ?"

ಹಾಗೆ ಬರುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ. ಯಂತ್ರ ಹೇಳಿದ್ದು ನಿಜ. ಯಾಕೆ ಎಂಬುದು ಮಾತ್ರ ಅದರ ಲೆಕ್ಕಕ್ಕೆ ಸಿಗುವುದಲ್ಲ.

ಶುಂಠಿ ಬೆಳೆಯಲು ಬಂದ ಮಲಯಾಳಿಗಳ ಜೊತೆ ಹೊಲದಲ್ಲಿ ಆಡಿ ಆಟ ಕಲಿತ ನೀನು, ಆ ಮರದ ಕೆಳಗೆ ಗೋಣಿಚೀಲ ಹಾಸಿಕೊಂಡು ಕೂತು, "ಬಾಲ್ ನೋಡ್ಬ್ಯಾಡ, ಜಾಗ ನೋಡವ್ವ" ಎಂದು ಮ್ಯಾಚ್ ಮುಗಿಯುವವರೆಗೂ ಕೂಗುತ್ತಿದ್ದೆ. ಗೆಳತಿಯರು ನಗುತ್ತಿದ್ದರು, ನನಗೆ ನಾಚಿಕೆಯಾಗುತ್ತಿತ್ತು.

ಇನ್ನು ಮೇಲೆ ನನ್ನ ಜಾಗದಲ್ಲೇ ಆಡುತ್ತೇನೆಂದು ಸರ್‌ಗೆ ಹೇಳಿದ್ದೇನೆ.

ನೀನಿದ್ದಾಗ ಈ ಯಂತ್ರ ಇರಲಿಲ್ಲ. ಒಳ್ಳೆಯದೇ ಆಯಿತು ಬಿಡು. ಇದ್ದಿದ್ದರೆ ನನ್ನ ಚಿತ್ರದಲ್ಲಿ ಹೊಂಗೆ ಮರದ ಕಡೆ ಒಂದು ಚುಕ್ಕೆ ಕೆಂಪೂ ಇರುತ್ತಿರಲಿಲ್ಲ.